ಈರಣ್ಣ ಮರ ಹತ್ತಿದ ಬೇಸಿಗೆ

ಬೇಸಿಗೆ ಬಂತೆಂದರೆ ಬೆಜವಾಡದ ಬೀದಿನಾಯಿಗಳು ಬೊಗಳುವ ಕೆಲಸವನ್ನೂ ಸಂಜೆಗೆ ಮುಂದೂಡುತ್ತಿದ್ದ ಕಾಲ ಅದು. ನಕಾಶೆಯಲ್ಲಿ ವಿಜಯವಾಡ ಎಂದಿದ್ದರೂ ನಮ್ಮ ಓಣಿಯವರೆಲ್ಲ ಬೆಜವಾಡ ಎಂದೇ ಅನ್ನುತ್ತಿದ್ದರು, ನಾವೂ ಹಾಗೇ ಕಲಿತೆವು. ಮಧ್ಯಾಹ್ನ ಕರೆಂಟು ಹೋದರೆ ಬರುವುದು ಅದರ ಇಷ್ಟ. ಮಹಡಿಗಳ ಮೇಲೆ ಮಾವಿನಕಾಯಿ ಹೋಳುಗಳು ಒಣಗುತ್ತಿದ್ದವು. ಸಾಸಿವೆ ಪುಡಿ ಮತ್ತು ಎಳ್ಳೆಣ್ಣೆಯ ಘಾಟು ಇಡೀ ಓಣಿಗೆ ಹಿಡಿದುಕೊಂಡಿರುತ್ತಿತ್ತು. ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಹಾಸನದಿಂದ ವರ್ಗವಾಗಿ ಅಲ್ಲಿಗೆ ಹೋದಾಗ ನಾನು ಎರಡನೇ ಕ್ಲಾಸು, ಈ ಕಥೆ ನಡೆದಾಗ ನಾಲ್ಕನೇ ಕ್ಲಾಸು ಮುಗಿಸಿದ್ದೆ.

ವರ್ಗಾವಣೆಯ ಮನೆಗಳಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಅಂಥ ಊರುಗಳಲ್ಲಿ ಮಕ್ಕಳೇ ಮನೆಯ ದುಭಾಷಿಗಳು. ಅಮ್ಮನ ತೆಲುಗು 'ಅವುನಂಡಿ', 'ಲೇದಂಡಿ', 'ಕೂರ್ಚೋಂಡಿ'ಗಳಲ್ಲಿ, ಅಂದರೆ ಹೌದು, ಇಲ್ಲ, ಕೂತ್ಕೊಳ್ಳಿಗಳಲ್ಲಿ, ಮುಗಿದುಹೋಗುತ್ತಿತ್ತು. ಮನೆ ಮಾಲೀಕರ ತಾಯಿ ಅದೇ ಮನೆಯ ಮುಂದಿನ ಭಾಗದಲ್ಲಿ ಇದ್ದರು. ಓಣಿಗೆಲ್ಲ ಅವರು ಬಾಮ್ಮಗಾರು, ಅಂದರೆ ಅಜ್ಜಿ. ಅವರು ಅಮ್ಮನಿಗೆ ಏನಾದರೂ ಹೇಳಬೇಕೆಂದರೆ ನನ್ನನ್ನು ಕೂಗುತ್ತಿದ್ದರು, ಅಮ್ಮ ಅವರಿಗೆ ಏನಾದರೂ ಹೇಳಬೇಕೆಂದರೂ ನನ್ನನ್ನೇ ಕೂಗುತ್ತಿದ್ದಳು. ನೀರು ಬಿಡುವ ಹೊತ್ತು, ಹಾಲಿನವನ ಮೋಸ, ಸೊಂಟನೋವಿನ ಎಣ್ಣೆ, ಎಲ್ಲವೂ ನನ್ನ ಬಾಯಿಂದಲೇ ದಾಟಬೇಕಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಂಡ ನನ್ನ ತಮ್ಮ. ಹುಟ್ಟಿದ್ದು ಹಾಸನದಲ್ಲಿ, ಅಜ್ಜಿಯ ಮನೆಯಲ್ಲಿ. ಮೂರು ತಿಂಗಳಾದ ಮೇಲೆ ಬೆಜವಾಡಕ್ಕೆ ಬಂದ. ಗುಂಡ ಎಂದು ಹೆಸರಿಟ್ಟವಳು ನಾನು, ಏಕೆಂದರೆ ಬೇರೆ ಯಾರೂ ಇಟ್ಟಿರಲಿಲ್ಲ. ಶಾಲೆಯಲ್ಲಿ ಗೆಳತಿಯರು ಹೆಸರು ಕೇಳಿದಾಗ ಮನೆಗೆ ಬಂದು ಅಮ್ಮನನ್ನು ಕೇಳಿದೆ.

"ಊರಲ್ಲಿ ನಾಮಕರಣ ಮಾಡಿದ್ರಾಯ್ತು ಬಿಡು, ಏನ್ ಅರ್ಜೆಂಟು?" ಎಂದಳು ಅಮ್ಮ.

ನನಗಾದರೆ ಹನ್ನೊಂದನೇ ದಿನಕ್ಕೇ ಹೆಸರಿಟ್ಟಿದ್ದರಂತೆ. ಇವನ ವಿಷಯದಲ್ಲಿ ಯಾಕಿಷ್ಟು ಸೋಮಾರಿತನ ಎಂದುಕೊಂಡು, ಆ ಸಂಜೆಯೇ ಕನ್ನಡಿಯ ಮುಂದೆ ಅವನನ್ನು ಎತ್ತಿ ಹಿಡಿದು ಗುಂಡ ಎಂದು ಕರೆದೆ. ನೋಡುವುದಕ್ಕೆ ಅವನು ಗುಂಡಗೆ ಇರಲೇ ಇಲ್ಲ. ಕೈಕಾಲು ನುಗ್ಗೇಕಾಯಿ.

ಗುಂಡಗಾಗುವುದು ಹೇಗೆ, ತಿಂದರಲ್ಲವೇ! ಸಂಕ್ರಾಂತಿ ಕಳೆದ ಮೇಲೆ ಅವನಿಗೆ ರಾಗಿ ಸರಿ ಶುರುಮಾಡಿದರು. ಹಾಸನದಿಂದ ಅಜ್ಜಿ ಕಳಿಸಿದ ಹಿಟ್ಟು. ರಾಗಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ, ಬಿಳಿ ಪಂಚೆಯಲ್ಲಿ ಸೋಸಿದ್ದು. ಹಾಲು ಬೆಲ್ಲ ಹಾಕಿ ಅಮ್ಮ ಕಾಯಿಸುವಾಗ ಬರುವ ಪರಿಮಳಕ್ಕೆ ನನಗೇ ಬಾಯಲ್ಲಿ ನೀರು ಬರುತ್ತಿತ್ತು. ಗುಂಡ ಮಾತ್ರ ತುಟಿ ಬಿಗಿದು, ಮುಖ ತಿರುಗಿಸಿ, ಬಲವಂತಕ್ಕೆ ಒಳಗೆ ಹೋದದ್ದನ್ನು ನಾಲಿಗೆಯಿಂದ ನೀಟಾಗಿ ಹೊರಗೆ ತಳ್ಳುತ್ತಿದ್ದ. ಕಿವುಚಿದ ಬಾಳೆಹಣ್ಣು ಕೊಟ್ಟರು, ತಿಳಿಸಾರಲ್ಲಿ ಕಲಸಿದ ಅನ್ನ ಕೊಟ್ಟರು. ಕೊನೆಗೆ ಬಾಮ್ಮಗಾರು ಉಗ್ಗು ಮಾಡಿಕೊಂಡು ಬಂದರು. ಅಕ್ಕಿ, ಹೆಸರುಬೇಳೆ ಹುರಿದು ನುಚ್ಚು ಮಾಡಿ, ಓಮ ಹಾಕಿ ಬೇಯಿಸಿ, ಮೇಲೆ ತುಪ್ಪ. ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಅದನ್ನೇ ತಿಂದು ಬೆಳೆದವರಂತೆ. ಗುಂಡ ಅದನ್ನೂ ಅವರ ಸೀರೆಯ ಮೇಲೆಯೇ ಉಗಿದ. ಎರಡೂ ರಾಜ್ಯದ ಅಡುಗೆಗೆ ಒಂದೇ ಮರ್ಯಾದೆ.

ಅಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಡಾಕ್ಟರು ಗಾಬರಿಯಾಗಬೇಡಿ, ನಿಧಾನವಾಗಿ ಕಲಿಯುತ್ತಾನೆ ಎಂದಿದ್ದರು. ಆದರೂ ಅವಳಿಗೆ ಏನೋ ಅವಸರ.

"ಬೇಸ್ಗೆ ಮುಗಿಯೋದ್ರೊಳಗೆ ಇವ್ನು ಊಟ ಮಾಡೋದು ಕಲೀಬೇಕು ಕಣೆ. ಹಾಲು ಬಿಡ್ಬೇಕು," ಎನ್ನುತ್ತಿದ್ದಳು.

ಬೇಸಿಗೆ ಮುಗಿದರೆ ಏನು ಎಂದು ನಾನು ಕೇಳಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಬೇಸಿಗೆ ಮುಗಿದರೆ ಶಾಲೆ, ಅಷ್ಟೇ.

ಈಗ ಈರಣ್ಣನ ವಿಷಯಕ್ಕೆ ಬರುತ್ತೇನೆ. ಒಂದು ಭಾನುವಾರ ಅಪ್ಪ ನಮ್ಮನ್ನು ಮರದ ಗೊಂಬೆಗಳಿಗೆ ಹೆಸರಾದ ಕೊಂಡಪಲ್ಲಿಗೆ ಕರೆದುಕೊಂಡು ಹೋಗಿ ನನಗೊಂದು ಗೊಂಬೆ ಕೊಡಿಸಿದ್ದರು. ಒಂದು ತಾಳೆಮರ, ಅದನ್ನು ತಬ್ಬಿಕೊಂಡ ಒಬ್ಬ ಮನುಷ್ಯ, ಸೊಂಟದಲ್ಲಿ ಪುಟಾಣಿ ಮಡಕೆ. ತಲೆಗೆ ಕೆಂಪು ರುಮಾಲು, ಮೀಸೆ ಮಾತ್ರ ಮುಖಕ್ಕಿಂತ ದೊಡ್ಡದು. ಹಾಸನದ ಅಜ್ಜಿಯ ಮನೆಯಲ್ಲಿ ತೆಂಗಿನಕಾಯಿ ಕೀಳಲು ಬರುತ್ತಿದ್ದ ಈರಣ್ಣನಿಗೂ ಇಂಥದ್ದೇ ಮೀಸೆ ಇತ್ತು. ಹಾಗಾಗಿ ಗೊಂಬೆಗೂ ಈರಣ್ಣ ಎಂದು ಹೆಸರಾಯಿತು. ಬೆಜವಾಡದ ಸೆಕೆಗೆ ಅಂಟು ಬಿಟ್ಟುಕೊಂಡು ಈರಣ್ಣ ಮರದಿಂದ ಬೇರೆಯಾಗಿ ನನ್ನ ಕೈಗೆ ಬಂದಾಗ ನಾನು ಅತ್ತಿದ್ದೆ. ಆಮೇಲೆ ಅದೇ ಅನುಕೂಲವಾಯಿತು.

ಒಂದು ಮಧ್ಯಾಹ್ನ ಅಮ್ಮ ಬಟ್ಟಲು ಹಿಡಿದು ಸೋತು ಕೂತಿದ್ದಳು. ನಾನು ಪಕ್ಕದಲ್ಲಿ ಸುಮ್ಮನೆ ಈರಣ್ಣನನ್ನು ಮರದ ಬುಡದಿಂದ ಮೇಲಕ್ಕೆ ಹತ್ತಿಸುತ್ತಿದ್ದೆ. ಗುಂಡ ಅದನ್ನೇ ನೋಡುತ್ತಾ ಬಾಯಿ ಬಿಟ್ಟ. ನಾನು ಬಟ್ಟಲಿಗೆ ಬೆರಳು ಅದ್ದಿ, ಒಂದು ಚೂರು ಸರಿ ಅವನ ನಾಲಿಗೆಗೆ ಇಟ್ಟೆ. ಅವನು ನುಂಗಿಬಿಟ್ಟ! ಈರಣ್ಣನನ್ನು ಒಂದು ಗೆಣ್ಣು ಮೇಲಕ್ಕೆ ಸರಿಸಿದೆ. ಅಲ್ಲೇ ನಿಲ್ಲಿಸಿದೆ. ಗುಂಡ ಕಾದ, ಕೈ ಬಡಿದ, "ಆಂ, ಆಂ" ಎಂದು ಗದರಿದ. ಇನ್ನೊಂದು ತುತ್ತು ಇಟ್ಟೆ. ನುಂಗಿದ. ಈರಣ್ಣ ಇನ್ನೊಂದು ಗೆಣ್ಣು ಹತ್ತಿದ. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಈರಣ್ಣ ಮರದ ತುದಿಯಲ್ಲಿದ್ದ.

"ಅಮ್ಮಾ ನೋಡೇ!" ಎಂದು ತಿರುಗಿದರೆ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಂತೋಷಕ್ಕೆ ಎಂದುಕೊಂಡೆ.

ಅಲ್ಲಿಂದ ಗುಂಡನ ಊಟ ನನ್ನ ಕೆಲಸವಾಯಿತು. ಅದಕ್ಕೆ ನನ್ನದೇ ಕಾನೂನುಗಳಿದ್ದವು. ಚಮಚ ಕೂಡದು, ಬೆರಳಲ್ಲೇ ಕೊಡಬೇಕು. ಈರಣ್ಣನನ್ನು ಎರಡು ಬೆರಳಲ್ಲಿ ಬೆನ್ನಿನ ಕಡೆಯಿಂದ ಹಿಡಿಯಬೇಕು, ಮೀಸೆ ಗುಂಡನಿಗೆ ಕಾಣಬೇಕು. ನಡುವೆ ಒಮ್ಮೆ ಈರಣ್ಣ ಜಾರಿ ಸ್ವಲ್ಪ ಕೆಳಗೆ ಬರಬೇಕು, ಆಗ ಗುಂಡ ಗಹಗಹಿಸಿ ನಗುತ್ತಾನೆ, ಬಾಯಿ ತಾನಾಗಿ ತೆರೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಕಾನೂನು ಒಂದಿತ್ತು: ಅವನು ನುಂಗದೆ ಈರಣ್ಣ ಹತ್ತುವಂತಿಲ್ಲ, ನುಂಗಿದ ಮೇಲೆ ಹತ್ತಿಸದೆ ಇರುವಂತೆಯೂ ಇಲ್ಲ. ಮಗುವಿಗೆ ಮೋಸ ಮಾಡಬಾರದು. ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗೇಟಿನ ಹೊರಗೆ ಗೆಳತಿಯರು ತೊಕ್ಕುಡುಬಿಳ್ಳ ಆಡಲು ಕರೆಯುತ್ತಿದ್ದರು. ನಮ್ಮ ಕುಂಟೆಬಿಲ್ಲೆಯೇ ಅದು, ಮನೆಗಳ ಗೆರೆ ಮಾತ್ರ ಬೇರೆ. ಆ ಓಣಿಯಲ್ಲಿ ನನ್ನಷ್ಟು ಚೆನ್ನಾಗಿ ಕುಂಟುವವರು ಇರಲಿಲ್ಲ ಎಂದು ಈಗಲೂ ಹೇಳಬಲ್ಲೆ. ಆದರೆ ಗುಂಡನ ಊಟದ ಹೊತ್ತಿಗೆ ನಾನು ಬಿಲ್ಲೆ ಬಿಸಾಡಿ ಒಳಗೆ ಓಡುತ್ತಿದ್ದೆ.

"ನೀನೇ ಇವ್ನ ಎರಡನೇ ಅಮ್ಮ ಕಣೆ ಪುಟ್ಟಿ," ಎನ್ನುತ್ತಿದ್ದಳು ಅಮ್ಮ. ಹಾಗೆಂದು ತಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅವನು ಉಣ್ಣುವಾಗ ಅವಳು ಎದುರಿಗೆ ಕೂರುತ್ತಲೇ ಇರಲಿಲ್ಲ. ನನ್ನ ಮೇಲೆ ಎಷ್ಟು ನಂಬಿಕೆ ಎಂದು ನಾನು ಬೀಗಿದೆ.

ಅಮ್ಮನ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ವಿಶಾಖಪಟ್ಟಣದಲ್ಲಿದ್ದಳು. ದೊಡ್ಡಪ್ಪ ನೌಕಾಪಡೆಯವರು. ವರ್ಷದಲ್ಲಿ ಎಷ್ಟೋ ತಿಂಗಳು ಸಮುದ್ರದ ಮೇಲೆ, ಉಳಿದ ದಿನ ಕ್ವಾರ್ಟರ್ಸಿನಲ್ಲಿ. ಮಕ್ಕಳಿರಲಿಲ್ಲ. ಆಗಿ ಆಗಿ ಹೋಗಿದ್ದವು ಎಂದು ಅಜ್ಜಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿದ್ದಿತ್ತು. ದೊಡ್ಡಮ್ಮನ ಫೋನು ಆ ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಬರುತ್ತಿತ್ತು. ಮೊದಲ ಪ್ರಶ್ನೆಯೇ "ಏನು ತಿಂದ?" ಅಮ್ಮನ ಕೈಯಿಂದ ಫೋನು ಕಿತ್ತುಕೊಂಡು ನಾನೇ ವರದಿ ಒಪ್ಪಿಸುತ್ತಿದ್ದೆ. ಇವತ್ತು ಸರಿ ಪೂರ್ತಿ ತಿಂದ, ಇವತ್ತು ತುಪ್ಪದನ್ನ ತಿಂದ, ಕ್ಯಾರೆಟ್ ಉಗಿದ. ದೊಡ್ಡಮ್ಮ ಆ ಕಡೆಯಿಂದ "ನನ್ನ ಬಂಗಾರ, ನನ್ನ ಬಂಗಾರ" ಎನ್ನುತ್ತಿದ್ದಳು. ಬಂಗಾರ ನಾನೇ ಎಂದುಕೊಂಡಿದ್ದೆ.

ಮೇ ತಿಂಗಳಲ್ಲಿ ದೊಡ್ಡಮ್ಮ ಬಂದೇಬಿಟ್ಟಳು. ಗುಂಡನಿಗೆ ಬೆಳ್ಳಿಯ ಒಳಲೆ ತಂದಿದ್ದಳು, ಮಕ್ಕಳ ಬಾಯಿಗೆ ಹಾಲು ಹುಯ್ಯುವ ಮೂತಿಯ ಬಟ್ಟಲು. ನನಗೆ ಶಂಖದ ಸರ. ಬಂದ ದಿನವೇ ನನ್ನ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತು, ಗುಂಡ ಉಣ್ಣುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಮಾರನೆಯ ದಿನ ಕೇಳಿದಳು.

"ನಂಗೂ ಕಲ್ಸಿಕೊಡೇ ಪುಟ್ಟಿ."

ದೊಡ್ಡವರೊಬ್ಬರು ನನ್ನ ಹತ್ತಿರ ಕಲಿಸಿಕೊಡು ಎಂದು ಕೇಳಿದ್ದು ಅದೇ ಮೊದಲು. ನಾನು ಒಂದನ್ನೂ ಮುಚ್ಚಿಡಲಿಲ್ಲ.

"ಹಂಗಲ್ಲ ದೊಡ್ಡಮ್ಮ, ಬೆನ್ನಿನ ಕಡೆ ಹಿಡ್ಕೋಬೇಕು. ಎರಡೇ ಬೆರಳು."

"ಹೀಗಾ?"

"ಹೂಂ. ಅವ್ನು ನುಂಗೋವರೆಗೂ ಮೇಲೆ ಹತ್ತಿಸ್ಬಾರ್ದು. ಈಗ ಜಾರಿಸು. ಸ್ವಲ್ಪ ಸಾಕು!"

"ಹೀಗಾ ಪುಟ್ಟಿ?"

ದೊಡ್ಡಮ್ಮ ಬೆರಳಲ್ಲಿ ಒಂದು ಚೂರು ಸರಿ ಎತ್ತಿ ಹಿಡಿದಳು. ಗುಂಡ ಮೊದಲು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ, ತಿನ್ನು ಎಂದು. ಅವನು ಬಾಯಿ ತೆರೆದ. ದೊಡ್ಡಮ್ಮ ಅವನನ್ನು ಎದೆಗೊತ್ತಿಕೊಂಡು ಅತ್ತಳು. ಒಂದು ತುತ್ತಿಗೆ ಇಷ್ಟೊಂದು ಅಳುವವರೂ ಇದ್ದಾರಲ್ಲ ಎಂದು ನನಗೆ ನಗು ಬಂತು. ಬಾಗಿಲಲ್ಲಿ ನಿಂತಿದ್ದ ಬಾಮ್ಮಗಾರು ನನ್ನ ಕಡೆ ನೋಡಿ, "ಪಾಪಂ, ಪಿಚ್ಚಿ ಪಿಲ್ಲ," ಎಂದರು. ಪಾಪ, ಹುಚ್ಚು ಹುಡುಗಿ ಎಂದು ಅದರ ಅರ್ಥ. ಅಮ್ಮನಿಗೆ ಅನುವಾದ ಬೇಕಾಗಲಿಲ್ಲ, ಅವರತ್ತ ನೋಡಿ ಬೇಡ ಎಂಬಂತೆ ಕಣ್ಣು ಮಾಡಿದಳು.

ದೊಡ್ಡಮ್ಮ ವಾಪಸು ಹೋದ ಮೇಲೆ ಅಮ್ಮ ಹಾಲು ಬಿಡಿಸಲು ಶುರುಮಾಡಿದಳು. ಹಿತ್ತಲಿನ ಬೇವಿನ ಎಲೆ ಅರೆದು ಎದೆಗೆ ಹಚ್ಚಿಕೊಂಡಳು. ಗುಂಡ ಎಂದಿನಂತೆ ನಗುತ್ತಾ ಹೋಗಿ ಬಾಯಿ ಹಾಕಿದವನು ಮುಖ ಹಿಂಡಿ ತಲೆಯೆತ್ತಿ ಅವಳನ್ನೇ ನೋಡಿದ. ಅಳಲಿಲ್ಲ ಮೊದಲು, ಸುಮ್ಮನೆ ನೋಡಿದ. ಆಮೇಲೆ ಅಂಬೆಗಾಲಿಟ್ಟು ನನ್ನ ಹತ್ತಿರ ಬಂದು ನನ್ನ ಲಂಗ ಹಿಡಿದುಕೊಂಡು ಅತ್ತ. ನನಗೆ ಅಮ್ಮನ ಮೇಲೆ ಸಿಟ್ಟು ಬಂತು, ಒಳಗೊಳಗೇ ಹೆಮ್ಮೆಯೂ ಆಯಿತು. ಈಗ ಇವನಿಗೆ ನಾನೇ ಗತಿ ಎಂದುಕೊಂಡೆ. ಬೇವಿನ ಕಹಿಯ ಮುಂದೆ ನನ್ನ ಬೆರಳಿನ ತುಪ್ಪದನ್ನ ಗೆದ್ದಿತು. ಶಾಲೆ ತೆರೆಯುವ ಹೊತ್ತಿಗೆ ಗುಂಡ ಹಾಲಿನ ಗೊಡವೆಯಿಲ್ಲದೆ ಬಟ್ಟಲು ಖಾಲಿ ಮಾಡುತ್ತಿದ್ದ. ಕೆನ್ನೆ ಬಂದಿತ್ತು. ಕೊನೆಗೂ ಹೆಸರಿಗೆ ತಕ್ಕ ಗುಂಡನಾಗಿದ್ದ.

ಶಾಲೆ ತೆರೆಯುವ ಮುಂಚಿನ ಶುಕ್ರವಾರ ಅಪ್ಪ ಬ್ಯಾಂಕಿಗೆ ರಜೆ ಹಾಕಿದರು. ಹಾಗೆಲ್ಲ ರಜೆ ಹಾಕುವ ಮನುಷ್ಯರಲ್ಲ ಅವರು.

"ನಡಿ ಪುಟ್ಟಿ, ಬೆಟ್ಟಕ್ಕೆ ಹೋಗ್ಬರೋಣ. ನಾನೂ ನೀನೂ ಇಬ್ರೇ."

ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಮೇಲೆ ಶುಕ್ರವಾರದ ಜನ ಕೇಳಬೇಕೆ? ಬಿಸಿಲಿಗೆ ಮೆಟ್ಟಿಲು ಸುಡುತ್ತಿತ್ತು, ನಾನು ಅಪ್ಪನ ಕೈ ಹಿಡಿದು ಕುಪ್ಪಳಿಸುತ್ತಾ ಹತ್ತಿದೆ. ಅಮ್ಮನವರ ಮುಂದೆ ನಿಂತಾಗ ಅಪ್ಪ, "ಏನಾದ್ರೂ ಕೇಳ್ಕೊ," ಎಂದರು. ನಾನು ಏನು ಕೇಳಿಕೊಂಡೆ ಗೊತ್ತೇ? ಗುಂಡ ಹೀಗೇ ಚೆನ್ನಾಗಿ ಊಟ ಮಾಡಲಿ ಎಂದು. ಇಳಿದ ಮೇಲೆ ಅಪ್ಪ ಪುಟ್ಟ ಬೋಂಡಾದಂಥ ಬಿಸಿ ಪುನುಗುಲು ಕೊಡಿಸಿದರು, ಐಸ್‌ಕ್ರೀಮು ಕೊಡಿಸಿದರು, ಹೊಳೆ ನೋಡೋಣ ಎಂದರು. ಕೃಷ್ಣಾ ನದಿಯನ್ನು ನಾನು ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ. ಮನೆಗೆ ಹೋಗೋಣ, ಗುಂಡನಿಗೆ ಹಸಿವಾಗಿರುತ್ತೆ ಎಂದರೆ ಅಪ್ಪ ಗಡಿಯಾರ ನೋಡಿ, ಇನ್ನೊಂಚೂರು ಎನ್ನುತ್ತಿದ್ದರು. ನನ್ನ ಮುಷ್ಟಿಯಲ್ಲಿ ಗುಂಡನ ಹಣೆಗೆಂದು ಕುಂಕುಮದ ಪೊಟ್ಟಣ ಬೆವರಿಗೆ ಒದ್ದೆಯಾಗುತ್ತಿತ್ತು.

ಮನೆಗೆ ಬಂದಾಗ ಸೀರೆಯ ಜೋಲಿ ಬಿಚ್ಚಿ ಮಡಿಸಿ ಮಂಚದ ಮೇಲಿಟ್ಟಿದ್ದರು. ಮೇಲೆ ಕೊಕ್ಕೆ ಮಾತ್ರ ಇತ್ತು. ಅಂಗಳದ ತಂತಿಯ ಮೇಲೆ ಗುಂಡನ ಬಟ್ಟೆಗಳಿರಲಿಲ್ಲ. ಕಪಾಟು ನೋಡಿದೆ. ಈರಣ್ಣನೂ ಇರಲಿಲ್ಲ, ಮರವೂ ಇರಲಿಲ್ಲ.

"ಗುಂಡ ಎಲ್ಲಿ?"

ಅಮ್ಮ ಗೋಡೆಗೊರಗಿ ಕೂತಿದ್ದಳು. "ದೊಡ್ಡಮ್ಮ ದೊಡ್ಡಪ್ಪ ಬಂದಿದ್ರು. ಕರ್ಕೊಂಡು ಹೋದ್ರು."

"ಯಾವಾಗ ಬರ್ತಾನೆ?"

ಅಪ್ಪ ಚಪ್ಪಲಿ ಬಿಚ್ಚುವ ನೆಪದಲ್ಲಿ ಬಾಗಿದವರು ಮೇಲೇಳಲಿಲ್ಲ. ಕೊನೆಗೆ ಅಮ್ಮನೇ ಹೇಳಿದಳು. ಗುಂಡ ಇನ್ನು ಅವರ ಮಗ. ಅವನು ಹುಟ್ಟುವ ಮುಂಚೆಯೇ ಆಡಿಬಿಟ್ಟ ಮಾತು ಅದು. ಹಾಲು ಬಿಟ್ಟು, ಊಟ ಕಲಿತ ಮೇಲೆ ಒಯ್ಯುವುದು ಎಂದು ಅಜ್ಜಿಯ ಮುಂದೆ ಒಪ್ಪಂದವಾಗಿತ್ತು. ಎದೆಹಾಲಿನ ಮಗುವನ್ನು ಒಯ್ದರೆ ಅಲ್ಲಿ ಏನು ತಿಂದೀತು? ಹೆಸರನ್ನೂ ಅದಕ್ಕೇ ಇಟ್ಟಿರಲಿಲ್ಲ. ಇಡುವವರು ಅವರು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕಿರುಚಿದೆ.

ಅಮ್ಮ ನನ್ನ ಮುಖವನ್ನು ನೆಟ್ಟಗೆ ನೋಡಿದಳು. "ಹೇಳಿದ್ರೆ ನೀನು ತಿನ್ನಿಸ್ತಿದ್ಯಾ?"

ಅಂಗಳಕ್ಕೆ ಓಡಿದರೆ ಬಾಮ್ಮಗಾರು ನನ್ನನ್ನು ತಬ್ಬಿಕೊಳ್ಳಲು ಬಂದರು. ಅವರ ಕಣ್ಣು ನೋಡಿದ ಕೂಡಲೇ ಗೊತ್ತಾಯಿತು, ಅವರಿಗೆ ಮೊದಲೇ ತಿಳಿದಿತ್ತು. ನೀರು ಬಂತೇ ಎಂದು ಕೇಳಲು ನನ್ನನ್ನು ಕರೆಯುತ್ತಿದ್ದ ನನ್ನಮ್ಮ, ಈ ಸುದ್ದಿಯನ್ನು ಮಾತ್ರ ನಾನು ಶಾಲೆಗೆ ಹೋದ ಹೊತ್ತಿನಲ್ಲಿ ತನ್ನ ಹರುಕು ತೆಲುಗಿನಲ್ಲಿ ತಾನೇ ಹೇಳಿ ಮುಗಿಸಿದ್ದಳು. ಇಡೀ ಓಣಿಗೆ ತಿಳಿದಿತ್ತು. ಮನೆಯ ದುಭಾಷಿಗೆ ಮಾತ್ರ ತಿಳಿದಿರಲಿಲ್ಲ.

ಆ ದಿನ ನಾನು ಊಟ ಮಾಡಲಿಲ್ಲ. ಅಮ್ಮ ಮೊಸರನ್ನ ಕಲಸಿ ತುತ್ತು ಹಿಡಿದು ಬಂದಳು. ತುಟಿ ಬಿಗಿದು ಮುಖ ತಿರುಗಿಸಿದೆ. ಅದನ್ನು ಗುಂಡನಿಂದ ಕಲಿತಿದ್ದೆ.

ಇದನ್ನು ಓದುವವರಲ್ಲಿ ಕೆಲವರು ಅಮ್ಮನ ಪರ ವಹಿಸುತ್ತೀರಿ ಎಂದು ಗೊತ್ತು. ಒಡಹುಟ್ಟಿದವಳ ಮಡಿಲು ತುಂಬಿದ ಹೆಂಗಸು, ಅವಳ ಕರುಳು ಎಷ್ಟು ನೊಂದಿರಬೇಡ ಎಂದು. ನೊಂದಿತ್ತು, ನಾನು ಕಂಡಿದ್ದೇನೆ. ಎಷ್ಟೋ ದಿನ ರವಿಕೆ ಒದ್ದೆಯಾಗಿ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೊಟ್ಟದ್ದಕ್ಕೆ ನನ್ನ ಸಿಟ್ಟಿಲ್ಲ. ಕೊಡುವ ಕೆಲಸವನ್ನು ನನ್ನ ಬೆರಳಿನಿಂದ ಮಾಡಿಸಿದರಲ್ಲ, ಅದಕ್ಕೆ ಸಿಟ್ಟು. ನಾನು ಇಟ್ಟ ಒಂದೊಂದು ತುತ್ತೂ ಅವನನ್ನು ವಿಶಾಖಪಟ್ಟಣಕ್ಕೆ ಹತ್ತಿರ ಮಾಡುತ್ತಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು, ಎಲ್ಲರೂ ನನಗೆ ಶಭಾಷ್ ಎನ್ನುತ್ತಿದ್ದರು.

ಗುಂಡ ವರುಣನಾದ. ದೊಡ್ಡಪ್ಪ ಸಮುದ್ರದವರಲ್ಲವೇ, ಅದಕ್ಕೆ ಆ ಹೆಸರು. ಮುಂದಿನ ದಸರೆಗೆ ನಾವು ಹೋದಾಗ ಅವನು ನನ್ನ ಗುರುತು ಹಿಡಿಯದೆ ದೊಡ್ಡಮ್ಮನ ಕೊರಳಿಗೆ ಜೋತುಬಿದ್ದ. ಬೆಳೆದು ನಮ್ಮಮ್ಮನನ್ನು ಚಿಕ್ಕಮ್ಮ ಎಂದ. ನನ್ನನ್ನು ಅಕ್ಕಾ ಎಂದ, ಬೇರೆಯವರನ್ನು ಅಂದ ಹಾಗೆಯೇ. ಮದುವೆಗೆ ಮುಂಚೆ ಅವನಿಗೆ ಎಲ್ಲ ಹೇಳಿದರಂತೆ. ಯಾರ ಹೊಟ್ಟೆಯಲ್ಲಿ ಹುಟ್ಟಿದ ಎಂದು ಹೇಳಿದರು. ಯಾರ ಕೈಯಲ್ಲಿ ಉಣ್ಣಲು ಕಲಿತ ಎಂಬುದನ್ನು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಬೆಜವಾಡದ ಆ ಮನೆ ಈಗ ಇಲ್ಲ, ಅಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಬಾಮ್ಮಗಾರು ಹೋಗಿ ಬಹಳ ಕಾಲವಾಯಿತು, ಅಪ್ಪನೂ ಇಲ್ಲ. ಅವರು ಹೋದದ್ದಕ್ಕೆ ಅತ್ತು ಮುಗಿಸಿದ್ದೇನೆ. ಅಳು ಮುಗಿಯದ ನಷ್ಟ ಒಂದೇ. ಮನೆಯವರು ಹೊಗಳಿದರೆ ನಂಬುವ ಗುಣ ನನ್ನಲ್ಲಿತ್ತು, ಅದು ಆ ಶುಕ್ರವಾರ ಹೊರಟುಹೋಯಿತು, ಮತ್ತೆ ಬರಲಿಲ್ಲ. ಇವತ್ತಿಗೂ ಯಾರಾದರೂ ನಿನ್ನಂಥವರಿಲ್ಲ ಎಂದರೆ, ಇವರು ಏನು ಒಯ್ಯಲು ಬಂದಿದ್ದಾರೆ ಎಂದು ಮೊದಲು ಕಪಾಟಿನ ಕಡೆ ನೋಡುತ್ತೇನೆ.

ಮೊನ್ನೆ ಬೇಸಿಗೆಯಲ್ಲಿ ವಿಶಾಖಪಟ್ಟಣಕ್ಕೆ ಹೋಗಿದ್ದೆ. ವರುಣ ಊರಾಚೆಯ ಪರವಾಡದಲ್ಲಿ ಔಷಧಿ ಕಂಪನಿಯಲ್ಲಿದ್ದಾನೆ. ಶಿಫ್ಟು ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದವನು ಕೈಕಾಲು ತೊಳೆದು ನೇರ ಮಗನ ಊಟಕ್ಕೆ ಕೂತ. ಎಂಟು ತಿಂಗಳ ಕೂಸು, ಬಾಯಿ ಬಿಗಿದುಕೊಂಡಿತ್ತು. ಹೆಂಡತಿ ತೆಲುಗಿನ ಹುಡುಗಿ, ಉಗ್ಗಿನ ಬಟ್ಟಲು ಅವನ ಕೈಗೆ ಕೊಟ್ಟು ನಕ್ಕಳು.

"ಇವ್ನು ಅಸಲು ತಿನ್ನಲ್ಲ ಅಕ್ಕಾ. ಆದ್ರೆ ನನ್ ಹತ್ರ ಒಂದು ಉಪಾಯ ಇದೆ, ನೋಡು," ಎಂದು ವರುಣ ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿ, ಟೀಪಾಯಿ ಕೆಳಗಿನಿಂದ ಏನೋ ತೆಗೆದ.

ತಾಳೆಮರದ ಬಣ್ಣ ಹೋಗಿತ್ತು. ರುಮಾಲು ಬಿಳಿಚಿಕೊಂಡಿತ್ತು. ಮೀಸೆ ಹಾಗೇ ಇತ್ತು.

"ಇವ್ನ ಹೆಸ್ರು ಈರಣ್ಣ. ಯಾಕೆ ಈರಣ್ಣ ಅಂತ ನಂಗೂ ತೆಲೀದು, ಅಮ್ಮ ಇಟ್ಟಿದ್ದು. ನಂಗೆ ಹಿಂಗೇ ತಿನ್ನಿಸ್ತಿದ್ರಂತೆ. ಎಲ್ಲಾ ಅಮ್ಮನ ಐಡಿಯಾ. ಅಲ್ವಾ ಅಮ್ಮಾ?"

ದೊಡ್ಡಮ್ಮ ಸೋಫಾದ ಮೇಲೆ ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದಳು. ನನ್ನ ಕಡೆ ಒಮ್ಮೆ ನೋಡಿದಳು. ನಾನು ಕಾದೆ. ನಿಜ ಹೇಳುತ್ತೇನೆ, ಆ ಕ್ಷಣ ನಾನು ಮತ್ತೆ ಒಂಬತ್ತು ವರ್ಷದವಳಾಗಿ ಕಾದೆ. ಅವಳು ಸೆರಗು ಸರಿಮಾಡಿಕೊಂಡು, "ಹೂಂ," ಎಂದಳು.

"ನೀನೂ ಒಂದ್ಸಲ ಟ್ರೈ ಮಾಡು ಅಕ್ಕಾ." ವರುಣ ಈರಣ್ಣನನ್ನು ನನ್ನ ಕೈಗಿಟ್ಟ. "ಹಂಗಲ್ಲ, ಬೆನ್ನಿನ ಕಡೆ ಹಿಡ್ಕೋಬೇಕು. ಎರಡು ಬೆರಳು."

"ಹೀಗಾ?" ಎಂದೆ.

"ಹಾಂ. ಈಗ ಸ್ವಲ್ಪ ಜಾರಿಸು."

ಜಾರಿಸಿದೆ. ಕೂಸು ಗಹಗಹಿಸಿತು, ಬಾಯಿ ತೆರೆಯಿತು. ಬೆರಳಿನಿಂದ ಒಂದು ಚೂರು ಉಗ್ಗು ಇಟ್ಟೆ.

"ಅರೆ, ಒಂದೇ ಸಲಕ್ಕೆ ಕಲ್ತುಬಿಟ್ಯಲ್ಲ ಅಕ್ಕಾ!" ಎಂದ ನನ್ನ ತಮ್ಮ.

ದೊಡ್ಡಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ಕೂಸು ನುಂಗಿ ಆಗಿತ್ತು, ನನ್ನ ಕೈಯನ್ನೇ ನೋಡುತ್ತಿತ್ತು. ಮಗುವಿಗೆ ಮೋಸ ಮಾಡುವಂತಿರಲಿಲ್ಲ. ಈರಣ್ಣನನ್ನು ಒಂದು ಗೆಣ್ಣು ಮೇಲೆ ಹತ್ತಿಸಿದೆ.